ಮುಳುಗಿದ ಹಡಗಿನ ಸರದಿ

ನಮ್ಮ ಭಾವನವರ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಆರಿಲ್ಲ. ಕೊನೆಯಲ್ಲಿ ಎಲ್ಲವನ್ನೂ ಕ್ಷಮಿಸಿಬಿಟ್ಟೆ ಎಂಬ ಮಾತು ಬರುತ್ತದೆಂದು ಕಾಯುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಅವರನ್ನು ಬಹುವಚನದಲ್ಲೇ ಕರೆಯುತ್ತೇನೆ. ಅದು ಬಾಯಿಗೆ ಹತ್ತಿದ ಅಭ್ಯಾಸ, ಗೌರವವಲ್ಲ.

ಭಾವ ಎಂದರೆ ನನ್ನ ಗಂಡನ ಅಣ್ಣ, ಕೋಲಾರದಲ್ಲಿ ವಕೀಲರು. ಮಾವ ತೀರಿಕೊಂಡ ಮೇಲೆ ಮನೆಗೆ ಅವರೇ ಯಜಮಾನರು. ಹೆಂಡತಿ ಎಂದೋ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನನ್ನ ಗಂಡ ಮಾಲೂರು ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದು, ವಾರಕ್ಕೊಮ್ಮೆ ರಜೆ ಸಿಕ್ಕಾಗ ಮನೆಗೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಮನೆಯಲ್ಲಿ ಭಾವ, ಅತ್ತೆ, ನಾನು. ಒಲೆ ನನ್ನದು, ಬಾವಿ ನನ್ನದು, ಬಂದವರಿಗೆಲ್ಲ ಕಾಫಿ ಕೊಡುವ ಕೆಲಸವೂ ನನ್ನದೇ.

ಎರಡನೇ ಮಹಾಯುದ್ಧ ಶುರುವಾದ ಹೊಸದರಲ್ಲಿ ಭಾವ ಬೆಂಗಳೂರು ದಂಡಿನ ಹಳೇ ಪುಸ್ತಕದ ಅಂಗಡಿಯಿಂದ ಒಂದು ತೆಳ್ಳನೆಯ ಇಂಗ್ಲಿಷ್ ಪುಸ್ತಕ ತಂದರು. ನೆಲದ ಮೇಲೆ ಸಣ್ಣ ಸಣ್ಣ ಹಡಗುಗಳನ್ನಿಟ್ಟು ಸಮುದ್ರಯುದ್ಧ ಆಡುವ ಆಟದ ನಿಯಮಗಳು ಅದರಲ್ಲಿದ್ದವು. ಬಡಗಿಯನ್ನು ಕರೆಸಿ ಬೆರಳುದ್ದದ ಹಡಗುಗಳನ್ನು ಕೆತ್ತಿಸಿದರು. ನಡುಮನೆಯ ಕೆಂಪು ಗಾರೆ ನೆಲವೇ ಸಮುದ್ರವಾಯಿತು. ಭಾನುವಾರ ಮಧ್ಯಾಹ್ನ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಬರುತ್ತಿದ್ದರು, ರಜೆಯಿದ್ದರೆ ನಮ್ಮವರೂ ಸೇರುತ್ತಿದ್ದರು. ಆಡುವವರಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ಅವರು ಕಂಡಿದ್ದ ದೊಡ್ಡ ನೀರೆಂದರೆ ಊರ ಕೆರೆ, ಅದೂ ತುಂಬಿದ ವರ್ಷದಲ್ಲಿ.

ಸಮುದ್ರ ಕಾಣದವರ ಸಮುದ್ರಯುದ್ಧದಲ್ಲಿ ಹಡಗು ಕದಲುವುದಕ್ಕಿಂತ ನಾಲಿಗೆ ಕದಲುವುದೇ ಹೆಚ್ಚು. ದೂರ ಅಳೆಯುವುದು ಹಡಗಿನ ಮೂತಿಯಿಂದಲೋ ನಡುಗಂಬದಿಂದಲೋ? ದ್ವೀಪದ ಹಿಂದೆ ನಿಂತ ಹಡಗಿನ ಕಂಬದ ತುದಿ ಮಾತ್ರ ಕಂಡರೆ ಹೊಡೆಯಬಹುದೋ ಬೇಡವೋ? ದಡ ಸವರಿದ ಹಡಗು ಕೆಸರಿನಲ್ಲಿ ಹೂತಂತೆಯೋ, ಇಲ್ಲವೋ? ಒಮ್ಮೆ ಮುಳುಗಿದ ಹಡಗು ಹಿಂದಿನ ಹಡಗಿಗೆ ಅಡ್ಡವಾಗುತ್ತದೆಯೇ ಎಂದು ಮೇಷ್ಟ್ರು ಕೇಳಿದರು.

"ಕೆರೇಲಿ ಎಮ್ಮೆ ಮುಳುಗಿದ್ರೂ ಕೊಂಬು ಮೇಲಿರ್ತದಲ್ಲ ಸ್ವಾಮಿ," ಎಂದು ನಮ್ಮವರು ಅಂದರು.

"ಎಮ್ಮೆ ಮಾತು ಬಿಡ್ರಿ, ಪುಸ್ತಕದಾಗೆ ಏನೈತೆ?" ಎಂದರು ಮೇಷ್ಟ್ರು.

ಆಗ ಭಾವ ತಮ್ಮ ಬೀರುವಿನ ಬೀಗ ತೆಗೆದು, ಪುಸ್ತಕ ನೋಡಿಕೊಂಡು ಬಂದು ತೀರ್ಪು ಕೊಡುತ್ತಿದ್ದರು. ಪುಸ್ತಕವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ನಿಯಮ ಎಂದರೆ ಭಾವನ ಬಾಯಿ.

ಆಟದ ಮುಖ್ಯ ಕಟ್ಟಳೆ ಅಂದಾಜು. ಹೊಡೆಯುವವರು ತಮ್ಮ ಹಡಗಿಗೂ ಎದುರಾಳಿಯ ಹಡಗಿಗೂ ನಡುವೆ ಎಷ್ಟು ಅಂಗುಲ ಎಂದು ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ದರ್ಜಿ ಟೇಪಿನಿಂದ ಅಳೆಯಬೇಕು. ಒಂದು ಅಂಗುಲದೊಳಗೆ ಸರಿ ಬಂದರೆ ಗುಂಡು ಬಿದ್ದಂತೆ. ಪ್ರತಿ ಸುತ್ತಿಗೂ ಕವಡೆ ಹಾಕಿ ಯಾರು ಮೊದಲು ಹೇಳಬೇಕೆಂದು ಗೊತ್ತುಮಾಡುತ್ತಿದ್ದರು. ಸಣ್ಣ ಹಡಗು ಒಂದೇ ಏಟಿಗೆ ಮುಳುಗುತ್ತದೆ, ದೊಡ್ಡದಕ್ಕೆ ಮೂರು ಏಟು ಬೇಕು. ಆದರೆ ಸಣ್ಣ ಹಡಗಿನಲ್ಲಿ ಒಂದೇ ಒಂದು ಟಾರ್ಪಿಡೊ ಇರುತ್ತದೆ. ಅದು ತಗುಲಿದರೆ ಎಂಥ ದೊಡ್ಡ ಹಡಗೂ ಉಳಿಯುವುದಿಲ್ಲ. ಎರಡೂ ಕಡೆ ಒಂದೊಂದು ರಾಜನ ಹಡಗು, ಅದು ಮುಳುಗಿದವರು ಸೋತಂತೆ.

ಆ ಸಮುದ್ರದಲ್ಲಿ ದ್ವೀಪ ಬರೆಯುವ ಕೆಲಸ ನನಗೆ ಬಂತು, ರಂಗೋಲಿ ನನ್ನ ಕೈಯಲ್ಲಿತ್ತಲ್ಲ. ಎಂಟನೆಯ ವಯಸ್ಸಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ಚುಕ್ಕಿ ಇಟ್ಟವಳು ನಾನು. ಇಪ್ಪತ್ತೊಂದು ಚುಕ್ಕಿಯ ಸಾಲು ಹಿಡಿದರೆ ಮೊದಲ ಎರಡು ಚುಕ್ಕಿಯ ನಡುವಿನ ಸಂದೂ ಕೊನೆಯ ಎರಡರ ಸಂದೂ ಒಂದೇ ಇರಬೇಕು, ಇಲ್ಲದಿದ್ದರೆ ಎಳೆ ಕೂಡುವುದಿಲ್ಲ. ನನ್ನ ಕಣ್ಣು ನೆಲ ಕಂಡರೆ ಸಾಕು, ತಾನಾಗಿ ಚುಕ್ಕಿ ಇಟ್ಟುಕೊಂಡು ಹೋಗುತ್ತಿತ್ತು. ಒಂದು ಭಾನುವಾರ ಕಾಫಿ ತಂದವಳು, ಗಂಡಸರು ಮೂವತ್ತೋ ನಲವತ್ತೋ ಎಂದು ತಿಣುಕುತ್ತಿದ್ದಾಗ, "ಮೂವತ್ತೇಳು" ಎಂದುಬಿಟ್ಟೆ. ಟೇಪು ಹಿಡಿದು ನೋಡಿದರೆ ಮೂವತ್ತೇಳೇ.

"ಏನಮ್ಮಾ, ಇನ್ನೊಂದ್ಸಲ ಹೇಳು ನೋಡೋಣ, ಆ ಮೂಲೆಯಿಂದ ಈ ಹಡಗಿಗೆ?" ಎಂದರು ಮೇಷ್ಟ್ರು.

"ಐವತ್ತೆರಡು."

ಅದೂ ಸರಿ ಬಂತು. ನಮ್ಮವರ ಮುಖ ಅರಳಿತು. ಭಾವ ಟೇಪು ಸುತ್ತಿಕೊಂಡು ಕಾಫಿಗೆ ಸಕ್ಕರೆ ಸಾಲದು ಎಂದರು.

ಮೇಷ್ಟ್ರು ಹಟ ಹಿಡಿದು ನನ್ನನ್ನು ಆಟಕ್ಕೆ ಸೇರಿಸಿದರು. ಆದರೆ ಗಂಡನ ಅಣ್ಣನ ಎದುರಿಗೆ ತಮ್ಮನ ಹೆಂಡತಿ ಕೂರುವಂತಿಲ್ಲ. ಅದಕ್ಕೆ ದಾರಿ ತೋರಿಸಿದವರು ಅತ್ತೆ. ಮುಳಬಾಗಿಲು ಕಡೆಯವರು, ಅರ್ಧ ಮಾತು ತೆಲುಗು, ಮಿಕ್ಕರ್ಧ ಮೌನ. "ಅಡಿಗೆಮನೆ ಹೊಸ್ತಿಲ ಆಚೆ ಕೂತ್ಕೊಳ್ಲಿ. ಹೊಸ್ತಿಲಾಚೆ ಅಂದ್ರೆ ಬೇರೆ ಮನೆ ಲೆಕ್ಕ," ಎಂದರು. ನಾನು ಹೊಸ್ತಿಲಿನೊಳಗೆ ಮಂಡಿಯೂರಿ ಕೂತು, ಒಲೆ ಊದುವ ಕೊಳವೆಯಿಂದ ನನ್ನ ಹಡಗುಗಳನ್ನು ತಳ್ಳುತ್ತಿದ್ದೆ. ಕೊಳವೆ ಮುಟ್ಟದ ದೂರಕ್ಕೆ ಹೋದರೆ ಮೇಷ್ಟ್ರು ಸರಿಸಿಕೊಡುತ್ತಿದ್ದರು.

ಅದೇ ವರ್ಷ ಯಲ್ದೂರಿನ ನನ್ನ ತೌರಿನಿಂದ ಅಣ್ಣ ಒಂದು ಅರ್ಜಿ ತಂದುಕೊಟ್ಟ. ಉಪಾಧ್ಯಾಯಿನಿಯರ ತರಬೇತಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದ್ದರು. ಶ್ರೀನಿವಾಸಪುರದಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದ ಗೆಳತಿ ಆಗಲೇ ಅರ್ಜಿ ಹಾಕಿದ್ದಳು. ನನಗೂ ಓದು ಇತ್ತು, ಮಕ್ಕಳಿನ್ನೂ ಆಗಿರಲಿಲ್ಲ, ಗಂಡನ ಅಡ್ಡಿ ಇರಲಿಲ್ಲ. ಬೇಕಿದ್ದದ್ದು ಮನೆಯ ಯಜಮಾನರ ಒಂದು ಸಹಿ. ಆ ಸಹಿಗಾಗಿ ಹದಿನೈದು ದಿನ ಅರ್ಜಿ ದೇವರ ಗೂಡಿನಲ್ಲಿ ಕಾದಿತ್ತು. ಕೇಳಿದಾಗಲೆಲ್ಲ "ನೋಡೋಣ" ಎನ್ನುತ್ತಿದ್ದರು. ನಾನು ಹೋದರೆ ಒಲೆಯ ಮುಂದೆ ಕೂರುವವರು ಯಾರು ಎಂಬುದೇ ಅವರ ಚಿಂತೆ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಅರ್ಜಿ ಕೊಡಲು ಕೊನೆಯ ದಿನ ಸೋಮವಾರ. ಭಾನುವಾರ ಆಟಕ್ಕೆ ಕೂತಾಗ ಮೇಷ್ಟ್ರು ತಾವಾಗಿ ಮಾತು ತೆಗೆದರು, "ಹುಡುಗಿಗೆ ಸಹಿ ಹಾಕ್ಕೊಡ್ರಿ, ಪುಣ್ಯ ಬರ್ತದೆ."

ಭಾವ ನಕ್ಕರು. "ಆಗ್ಲಿ ಮೇಷ್ಟ್ರೇ. ಇವತ್ತಿನ ಆಟದಲ್ಲಿ ನನ್ನ ರಾಜನ ಹಡಗು ಮುಳುಗಿಸ್ಲಿ, ಎದ್ದೋನೇ ಸಹಿ ಹಾಕ್ತೀನಿ. ಅಮ್ಮನ ಮುಂದೆ ಹೇಳ್ತಿದೀನಿ."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅವರಿಗೆ ಅದು ಹೊತ್ತು ಕಳೆಯುವ ಮಾತು. ನನಗೆ ಕೈ ಬೆವತು ಊದುಗೊಳವೆ ಜಾರುತ್ತಿತ್ತು. ಎರಡು ಗಂಟೆ ಆಡಿದೆ. ಒಂದೊಂದಾಗಿ ನನ್ನ ಹಡಗುಗಳನ್ನು ಕಳೆದುಕೊಳ್ಳುತ್ತ, ಒಂದು ಸಣ್ಣ ಹಡಗನ್ನು ರಂಗೋಲಿ ದ್ವೀಪದ ಹಿಂದಿನಿಂದ ಸರಿಸಿಕೊಂಡು ಹೋಗಿ ಅವರ ರಾಜನ ಹಡಗಿನ ಪಕ್ಕೆಗೆ ತಂದಿಟ್ಟೆ. ಟಾರ್ಪಿಡೊ ಇನ್ನೂ ನನ್ನಲ್ಲೇ ಇತ್ತು. ಭಾವ ಕವಡೆ ಹಾಕಿದರು. ಮೊದಲ ಸರದಿ ಅವರಿಗೆ ಬಂತು. "ಹದಿನೆಂಟು" ಎಂದರು. ಅಳೆದರೆ ಹದಿನೆಂಟೂವರೆ. ನನ್ನ ಸಣ್ಣ ಹಡಗಿಗೆ ಏಟು ಬಿತ್ತು.

ನನ್ನ ಸರದಿ ಇನ್ನೂ ಇತ್ತು. "ಹದಿನೆಂಟೂವರೆ" ಎನ್ನುವುದಕ್ಕೆ ಈಗ ಕಣ್ಣೂ ಬೇಡ, ಅವರೇ ಅಳೆದುಕೊಟ್ಟಿದ್ದರು! ನಾನು ಬಾಯಿ ತೆರೆಯುವುದರೊಳಗೆ ಅವರ ಕೈ ಬಂದು ನನ್ನ ಹಡಗನ್ನು ನೆಲದಿಂದ ಎತ್ತಿತು.

"ನನ್ನ ಸರದಿ," ಎಂದೆ.

"ಸತ್ತ ಹಡಗು ಹೊಡೀತದೇನಮ್ಮಾ?"

ಮೇಷ್ಟ್ರು ತಲೆ ಕೆರೆದುಕೊಂಡರು. ಒಂದೇ ಸುತ್ತಿನಲ್ಲಿ ಎರಡು ಹಡಗೂ ಸಾಯುವ ಸಂದರ್ಭ ಅಲ್ಲಿಯವರೆಗೆ ಬಂದಿರಲಿಲ್ಲ. "ಸುತ್ತು ಒಂದೇ ಅಲ್ವಾ? ಪುಸ್ತಕ ನೋಡ್ರಿ ಒಂದ್ಸಲ," ಎಂದರು. ಭಾವ ಒಳಗೆ ಹೋದರು. ಬೀರು ತೆಗೆದ ಸದ್ದು, ಹಾಳೆ ಮಗುಚಿದ ಸದ್ದು, ಮತ್ತೆ ಬೀಗದ ಸದ್ದು. ಹೊರಗೆ ಬಂದು, "ಮುಳುಗಿದ ಹಡಗಿಗೆ ಸರದಿ ಇಲ್ಲ. ಸ್ಪಷ್ಟವಾಗಿದೆ," ಎಂದರು. ನಮ್ಮವರು ತಲೆ ತಗ್ಗಿಸಿದರು. ಅಣ್ಣನಿಗೆ ಎದುರಾಡಿದವರಲ್ಲ, ಪಾಪ. ಆ ಪಾಪವೆಂಬ ಮಾತನ್ನೂ ನಾನು ಪೂರ್ತಿ ಮನಸ್ಸಿನಿಂದ ಹೇಳುತ್ತಿಲ್ಲ.

ಸೋಮವಾರ ಕಳೆಯಿತು. ಗೆಳತಿ ತರಬೇತಿಗೆ ಹೋದಳು. ನಾನು ಅರ್ಜಿಯನ್ನು ಒಲೆಗೆ ಹಾಕದೆ ಸೀರೆಯ ಮಡಿಕೆಯಲ್ಲಿಟ್ಟೆ.

ನನ್ನ ತಲೆಯಲ್ಲಿ ಒಂದೇ ಹುಳು. ಪುಸ್ತಕದಲ್ಲಿ ಆ ಮಾತು ನಿಜವಾಗಿ ಇದೆಯೇ? ಇದ್ದರೆ ಸೋತೆ, ಒಪ್ಪುತ್ತೇನೆ. ಇಲ್ಲದಿದ್ದರೆ? ಓದಲು ಇಂಗ್ಲಿಷ್ ಬೇಕು. ನನಗಿದ್ದದ್ದು ಅಕ್ಷರ ಕೂಡಿಸುವಷ್ಟು ಇಂಗ್ಲಿಷ್. ನಮ್ಮವರನ್ನು ಹಿಡಿದುಕೊಂಡೆ. ಅಣ್ಣನ ಎದುರು ಮಾತಾಡದ ಗಂಡ ಹೆಂಡತಿಗೆ ಇಂಗ್ಲಿಷಾದರೂ ಕಲಿಸಲಿ! ಅವರು ಮಾಲೂರಿನಿಂದ ಹಳೆಯ ರೈಲ್ವೆ ವೇಳಾಪಟ್ಟಿ ತಂದರು, ಒಂದು ಡಿಕ್ಷನರಿ ತಂದರು. ಟೇಕಲ್ಲಿನಿಂದ ಹೊರಡುವ ರೈಲುಗಳ ಮೇಲೆ ಬೆರಳಿಟ್ಟು ಓದುತ್ತ ಓದುತ್ತ ನಾನು ವಾಕ್ಯಕ್ಕೆ ಬಂದೆ. ರಾಗಿ ಬೀಸುವಾಗ ಕ್ರಿಯಾಪದಗಳನ್ನು ಹೇಳಿಕೊಳ್ಳುತ್ತಿದ್ದೆ. ಅತ್ತೆ ಅದನ್ನು ಯಾವುದೋ ಸ್ತೋತ್ರ ಎಂದುಕೊಂಡಿದ್ದರೇನೋ, ಒಂದು ದಿನವೂ ಕೇಳಲಿಲ್ಲ.

ಭಾನುವಾರದ ಆಟ ಬಿಡಲಿಲ್ಲ. ಬಿಟ್ಟರೆ ಅವರಿಗೆ ಗೆದ್ದ ಸಂತೋಷ. ಮುಂದಿನ ತಿಂಗಳುಗಳಲ್ಲಿ ಅವರ ರಾಜನ ಹಡಗನ್ನು ಎಷ್ಟೋ ಸಲ ಮುಳುಗಿಸಿದೆ. ಒಮ್ಮೆ ಮೇಷ್ಟ್ರು ಹಳೆಯ ಮಾತನ್ನು ನೆನಪಿಸಿದರು. "ಆ ಮಾತು ಆ ದಿನದ ಆಟಕ್ಕೆ ಮಾತ್ರ. ಅವತ್ತು ಮುಳುಗಿಸಿದ್ರೆ ಸಹಿ. ಇವತ್ತು ಮುಳುಗಿಸಿದ್ರೆ ಕಾಫಿ," ಎಂದರು ಭಾವ. ಕಾಫಿಯನ್ನೂ ನಾನೇ ಮಾಡಬೇಕಿತ್ತು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಭಾವ ಒಂದು ಕೇಸಿಗೆಂದು ಬೆಂಗಳೂರಿಗೆ ಹೋದರು. ಅಗಸರವನಿಗೆ ಹಾಕಲು ಅವರ ಕೋಟಿನ ಜೇಬು ನೋಡಿದರೆ ಬೀರುವಿನ ಬೀಗದ ಕೈ. ಕಳ್ಳತನ ಅನ್ನಿ, ಅನ್ನಿಸಿಕೊಳ್ಳುತ್ತೇನೆ. ಬೀರು ತೆಗೆದೆ, ಪುಸ್ತಕ ತೆಗೆದೆ, ಡಿಕ್ಷನರಿ ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತೆ. ಡಿಕ್ಷನರಿ ಬೇಕಾಗಲೇ ಇಲ್ಲ. ಪ್ರತಿ ನಿಯಮದ ಪಕ್ಕದಲ್ಲೂ ಭಾವ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದಿಟ್ಟಿದ್ದರು, ಮೊದಮೊದಲು ಮೇಷ್ಟ್ರಿಗೆ ಆಟ ಕಲಿಸುವಾಗ ಬರೆದದ್ದು. ಒಂಬತ್ತನೆಯ ಪುಟದಲ್ಲಿ ಅವರ ದುಂಡನೆಯ ಅಕ್ಷರ: "ಒಂದು ಸುತ್ತಿನ ಗುಂಡೆಲ್ಲ ಒಟ್ಟಿಗೇ ಹಾರಿದಂತೆ. ಮುಳುಗಿದ್ದೂ ಹೊಡೆಯುತ್ತೆ. ಲೆಕ್ಕ ಸುತ್ತಿನ ಕೊನೆಗೆ."

ತಪ್ಪು ತಿಳಿದು ಹೇಳಿದ್ದರೆ ತಪ್ಪು ಎನ್ನಬಹುದಿತ್ತು. ಇದು ಗೊತ್ತಿದ್ದು ಹೇಳಿದ್ದು. ಬೀರು ತೆಗೆದು, ತಮ್ಮ ಕೈಯಾರೆ ಬರೆದದ್ದನ್ನು ತಮ್ಮ ಕಣ್ಣಾರೆ ಓದಿಕೊಂಡು ಬಂದು, ತಾಯಿಯ ಮುಂದೆ ಸುಳ್ಳು ಹೇಳಿದ್ದರು. ಅದೂ ಎಂಥ ಸುಳ್ಳು! ಬೆರಳುದ್ದದ ಮರದ ತುಂಡಿಗಾಗಿ ಅಲ್ಲ, ಒಂದು ಹೊತ್ತಿನ ಬಿಸಿ ಅನ್ನಕ್ಕಾಗಿ.

ಪುಸ್ತಕ ಇದ್ದ ಜಾಗದಲ್ಲೇ ಇಟ್ಟು ಬೀಗ ಹಾಕಿದೆ. ಆಗಲೇ ಕೂಗಾಡಬಹುದಿತ್ತು. ಕೂಗಾಡಿದ್ದರೆ, ಇವಳು ಕದ್ದು ಬೀರು ತೆಗೆದವಳು ಎಂದು ಅವರು ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದರು. ವಕೀಲರಲ್ಲವೇ? ನಾನು ಹೇಳಿದರೆ ಆಗದು. ಆ ಪುಟವನ್ನು ಅವರೇ, ತಮ್ಮ ಬಾಯಿಂದಲೇ, ನಾಲ್ಕು ಜನರ ಮುಂದೆ ಓದಬೇಕು. ಅದಕ್ಕೆ ಅವರಿಗೇ ಆ ನಿಯಮ ಬೇಕಾಗುವಂಥ ಆಟ ಕಟ್ಟಬೇಕು. ಹನ್ನೊಂದು ಭಾನುವಾರ ಕಾದೆ. ಒಮ್ಮೆ ಕವಡೆ ಕೈಕೊಟ್ಟಿತು, ಇನ್ನೊಮ್ಮೆ ಅವರ ಗುರಿಯೇ ತಪ್ಪಿತು.

ಹನ್ನೆರಡನೆಯ ಭಾನುವಾರ ದೇವರು ಮುನ್ಸೀಫರನ್ನು ಕಳಿಸಿದ. ಕೋರ್ಟಿಗೆ ಹೊಸದಾಗಿ ಬಂದವರು. ಅವರ ಮುಂದೆ ವಾದ ಮಾಡಬೇಕಾದ ಭಾವನಿಗೆ ಅವರನ್ನು ಎಲ್ಲಿ ಕೂರಿಸಲಿ, ಏನು ತಿನ್ನಿಸಲಿ ಎಂಬಂತಾಗಿತ್ತು. ನಾನು ಒಬ್ಬಟ್ಟು ಮಾಡಿದ್ದೆ. ಮುನ್ಸೀಫರು ಒಬ್ಬಟ್ಟು ತಿಂದು, ಕಣ್ಣಳತೆಯಲ್ಲಿ ಅಂಗುಲ ಹೇಳುವ ಹೆಂಗಸು ಯಾರೆಂದು ಕೇಳಿ, ಆಟ ನೋಡಲು ಕುರ್ಚಿ ಎಳೆದುಕೊಂಡು ಕೂತರು. ನಮ್ಮವರೂ ಆ ದಿನ ಮನೆಯಲ್ಲಿದ್ದರು. ಅತ್ತೆ ನನ್ನ ಹಿಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

ಆಟ ಸಾಗಿ ಕೊನೆಗೆ ಎರಡು ರಾಜನ ಹಡಗುಗಳು ಉಳಿದವು. ಎರಡಕ್ಕೂ ಎರಡೆರಡು ಏಟು ಬಿದ್ದಿತ್ತು. ಇನ್ನೊಂದು ಬಿದ್ದರೆ ಮುಗಿಯಿತು. ಮೇಷ್ಟ್ರು ಕವಡೆ ಹಾಕಿದರು. ಮೊದಲ ಸರದಿ ನನಗೆ.

"ಮೂವತ್ತೈದು," ಎಂದೆ.

ಮೇಷ್ಟ್ರು ಟೇಪನ್ನು ನೆಲಕ್ಕೆ ಹಿಡಿದು ಅಳೆದು ನೋಡಿದರು. "ಮೂವತ್ತೈದು. ಕೂದಲೆಳೆ ವ್ಯತ್ಯಾಸ ಇಲ್ಲ," ಎಂದು ಟೇಪು ಸುತ್ತಿಟ್ಟರು.

ಭಾವ ತಮ್ಮ ಸರದಿಗೆ ಗಂಟಲು ಸರಿಮಾಡಿಕೊಂಡರು. ನಾನು ಊದುಗೊಳವೆ ಚಾಚಿ ಅವರ ರಾಜನ ಹಡಗನ್ನು ಮಗುಚಿಹಾಕಿದೆ.

"ಸತ್ತ ಹಡಗು ಹೊಡೆಯೋದಿಲ್ಲ ಭಾವ. ನೀವೇ ಹೇಳಿದ್ದು."

"ಅಲ್ಲಮ್ಮಾ, ಅದು ಹಂಗಲ್ಲ. ಸುತ್ತು ಒಂದೇ ಅಲ್ವಾ, ನಂದೂ ಒಂದು ಏಟು ಬಾಕಿ ಐತೆ," ಎಂದರು. ಮುನ್ಸೀಫರ ಕಡೆ ತಿರುಗಿ ನಕ್ಕರು. "ಹೆಂಗಸರಿಗೆ ನಿಯಮ ಹೇಳೋದು ಕಷ್ಟ ನೋಡಿ."

"ನಿಯಮ ಏನಿದೆ? ಬರವಣಿಗೇಲಿ ಇದೆಯೋ?" ಎಂದು ಮುನ್ಸೀಫರು ಕೋರ್ಟಿನಲ್ಲಿ ಕೇಳುವಂತೆಯೇ ಕೇಳಿದರು.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಎನ್ನುತ್ತಾರಲ್ಲ, ಹಾಗೆ ಭಾವ ತಾವೇ ಎದ್ದು ಹೋಗಿ ಬೀರು ತೆಗೆದು ಪುಸ್ತಕ ತಂದರು. ಸೋಲುವ ಗಾಬರಿಯಲ್ಲಿ ಅವರಿಗೆ ಹಳೆಯ ಭಾನುವಾರ ನೆನಪೇ ಆಗಲಿಲ್ಲ. ಮರೆಯುವುದು ಹೊಡೆದವರಿಗೆ ಸುಲಭ. ಒಂಬತ್ತನೆಯ ಪುಟ ತೆಗೆದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದರು. ಒಂದೊಂದು ಪದವೂ ನನಗೆ ತಿಳಿಯಿತು. ಮುನ್ಸೀಫರು ಕೈಚಾಚಿ ಪುಸ್ತಕ ತೆಗೆದುಕೊಂಡರು, ಕನ್ನಡಕ ಸರಿಮಾಡಿಕೊಂಡು, ಪಕ್ಕದ ಪೆನ್ಸಿಲ್ ಬರಹವನ್ನೂ ಓದಿದರು. "ಮುಳುಗಿದ್ದೂ ಹೊಡೆಯುತ್ತೆ. ಸರಿಯಾಗೇ ಇದೆಯಲ್ಲ. ನಿಮ್ಮದೇ ಅಕ್ಷರ ಅಲ್ವಾ ಇದು?"

"ನಂದೇ ಸ್ವಾಮಿ. ಆಟ ಕಲಿಸೋವಾಗ್ಲೇ ಬರೆದಿಟ್ಟಿದ್ದೆ," ಎಂದರು ಭಾವ ಹೆಮ್ಮೆಯಿಂದ.

ಮೇಷ್ಟ್ರು ನನ್ನ ಮುಖ ನೋಡಿದರು. ಮಾತಾಡಬೇಕೆಂದು ಎರಡು ವರ್ಷ ಉರುಹೊಡೆದಿದ್ದ ವಾಕ್ಯಗಳು ನಾಲಿಗೆಯ ತುದಿಯಲ್ಲಿದ್ದವು. ಅವುಗಳ ಅಗತ್ಯ ಬೀಳಲಿಲ್ಲ. ನನ್ನ ಹಿಂದೆ ಕಡಲೆಕಾಯಿ ಸುಲಿಯುವ ಸದ್ದು ನಿಂತಿತ್ತು.

"ಏಮಿರಾ," ಎಂದರು ಅತ್ತೆ, "ಹಂಗಾದ್ರೆ ಅವತ್ತು ಇವಳ ಸಣ್ಣ ಹಡಗು ಹೊಡಿಯೋದಿತ್ತಲ್ಲ, ಸಹಿ ದಿನ? ಅದೂ ಹೊಡೀಬೌದಿತ್ತು ಅಲ್ವಾ?"

ಭಾವನ ಮುಖದ ಬಣ್ಣ ಇಳಿಯಿತು. ನಾನು ಕಣ್ಣು ಕೀಳದೆ ನೋಡಿದೆ. ಆ ನೋಟವನ್ನು ನಾನು ಯಾವ ಸಿನಿಮಾಕ್ಕೂ ಬದಲು ಕೊಡುವುದಿಲ್ಲ.

"ಅಮ್ಮಾ, ಅದೆಲ್ಲ ಈಗ್ಯಾಕೆ, ಊರ್ಕೋ," ಎಂದು ಅವರದೇ ತೆಲುಗಿನಲ್ಲಿ ಸುಮ್ಮನಿರಿಸಲು ನೋಡಿದರು.

"ನಾನು ಊರ್ಕೊಂಡಿದ್ದಕ್ಕೇ ಹಿಂಗಾಗಿದ್ದು. ನನ್ನ ಮುಂದೆ ಮಾತು ಕೊಟ್ಟೆ, ನನ್ನ ಮುಂದೆ ಸುಳ್ಳು ಹೇಳಿದೆ. ಪುಸ್ತಕ ನೋಡ್ಕೊಂಡು ಬಂದು ಹೇಳಿದೆ."

ಮುನ್ಸೀಫರು ಏನು ವಿಷಯ ಎಂದು ಕೇಳಿದರು. ಮೇಷ್ಟ್ರು ಎಲ್ಲವನ್ನೂ ಹೇಳಿದರು, ಲೆಕ್ಕ ಬಿಡಿಸುವಂತೆ ಒಂದು ಹೆಜ್ಜೆಯನ್ನೂ ಬಿಡದೆ. ನಮ್ಮವರು ಮೊದಲ ಸಲ ತಲೆಯೆತ್ತಿ, "ಹೌದು, ನಾನೂ ಇದ್ದೆ," ಎಂದರು. ಮುನ್ಸೀಫರು ಪುಸ್ತಕ ಮುಚ್ಚಿ ಭಾವನ ಕೈಗೆ ಕೊಟ್ಟು, "ನಿಯಮದ ಪ್ರಕಾರ ನಿಮ್ಮ ಏಟು ಬಾಕಿ ಇದೆ. ಹೊಡೀರಿ," ಎಂದರು. ದನಿಯಲ್ಲಿ ಒಬ್ಬಟ್ಟಿನ ಸಿಹಿ ಉಳಿದಿರಲಿಲ್ಲ.

ಅಂತರವನ್ನು ಮೇಷ್ಟ್ರು ಆಗಲೇ ಅಳೆದು ಗಟ್ಟಿಯಾಗಿ ಹೇಳಿದ್ದರು. ಎರಡೇ ಹಡಗು, ಅದೇ ದೂರ, ಅದೇ ಮೂವತ್ತೈದು. ಮಗು ಕೂಡ ಹೇಳಬಹುದಿತ್ತು.

"ನಲವತ್ತು," ಎಂದರು ಭಾವ.

ಯಾರೂ ಟೇಪು ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಸೀರೆಯ ಮಡಿಕೆಯಿಂದ ಹಳೆಯ ಅರ್ಜಿ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ. ಅದು ಹಳೆಯದಾಯಿತು, ಹೊಸದು ತರಬೇಕು ಎಂದರು. ಹೊಸದನ್ನು ಮೊದಲೇ ತರಿಸಿ ಅದರ ಕೆಳಗೇ ಇಟ್ಟಿದ್ದೆ. ಸಹಿ ಹಾಕಿದರು. ನಾನು ಮೇಜಿನ ಮೇಲಿದ್ದ ಪುಸ್ತಕವನ್ನೂ ತೆಗೆದುಕೊಂಡೆ. ಬೇಡ ಎನ್ನಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಆ ಆಟ ನಡೆಯಲಿಲ್ಲ. ತರಬೇತಿ ಮುಗಿಸಿ ನಾನು ಶ್ರೀನಿವಾಸಪುರದ ಹೆಣ್ಣುಮಕ್ಕಳ ಶಾಲೆಗೆ ಸೇರಿದೆ, ಗೆಳತಿ ಅಲ್ಲಿಗೆ ಎರಡು ವರ್ಷ ಮೊದಲೇ ಬಂದಿದ್ದಳು. ಭಾವನಿಗೆ ಅಡಿಗೆಗೆ ಹೋಳೂರಿನಿಂದ ಒಬ್ಬ ಮುದುಕ ಬಂದ. ಅವನ ಸಾರು ಬಾಯಿಗಿಡುವಂತಿಲ್ಲ ಎಂದು ಅತ್ತೆ ಹೇಳಿಕಳಿಸಿದಾಗ ನಾನು ಎರಡು ಹೋಳಿಗೆ ಹೆಚ್ಚಾಗಿ ತಿಂದೆ.

ಯುದ್ಧ ಮುಗಿದು ಮೂರು ವರ್ಷಕ್ಕೆ ಭಾವ ತೀರಿಕೊಂಡರು. ಹದಿಮೂರನೆಯ ದಿನ ಬಂದ ನೆಂಟರೆಲ್ಲ, ಸತ್ತವರ ಮೇಲೆ ಎಂಥ ಹಗೆ, ಬಿಟ್ಟುಬಿಡು ಎಂದರು. ನನಗೂ ಬಿಡಬಹುದೇನೋ ಎನಿಸಿತು. ಗೆದ್ದವಳು ನಾನಲ್ಲವೇ?

ಮರುತಿಂಗಳು ಶಾಲೆಗೆ ಮುಖ್ಯೋಪಾಧ್ಯಾಯಿನಿಯ ನೇಮಕದ ಆದೇಶ ಬಂತು. ಗೆಳತಿಗೂ ನನಗೂ ಓದು ಒಂದೇ, ತರಬೇತಿ ಒಂದೇ, ಕೆಲಸದಲ್ಲಿ ನನ್ನ ಹೆಸರೇ ಮುಂದು. ಆದರೆ ಕೆಲಸಕ್ಕೆ ಸೇರಿದ ಲೆಕ್ಕದಲ್ಲಿ ಅವಳು ಎರಡು ವರ್ಷ ಹಿರಿಯಳು, ಆ ಸಹಿ ತಡೆದ ಅದೇ ಎರಡು ವರ್ಷ. ಆದೇಶ ಅವಳ ಹೆಸರಿಗೆ ಬಂದಿತ್ತು. ಅವಳ ತಪ್ಪೇನೂ ಇಲ್ಲ, ಕೈ ಹಿಡಿದು ಶುಭ ಹೇಳಿ ಬಂದೆ. ಮನೆಗೆ ಬಂದು ಪುಸ್ತಕ ತೆಗೆದೆ. ಒಂಬತ್ತನೆಯ ಪುಟದಲ್ಲಿ ಆ ದುಂಡನೆಯ ಅಕ್ಷರ ಹಾಗೇ ಇತ್ತು: "ಮುಳುಗಿದ್ದೂ ಹೊಡೆಯುತ್ತೆ. ಲೆಕ್ಕ ಸುತ್ತಿನ ಕೊನೆಗೆ."

ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೆ ನಾನೂ ಬರೆದೆ, "ಸುತ್ತು ಇನ್ನೂ ಮುಗಿದಿಲ್ಲ, ಭಾವ."